ಗೋಲಗುಮ್ಮಟದಾಚೆಯ ವಿಜಯಪುರ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಲಗುಮ್ಮಟ, ಇಬ್ರಾಹಿಂ ರೋಜಾ ಬಿಟ್ಟರೆ ವಿಜಯಪುರದಲ್ಲಿ ನೋಡುವಂಥದ್ದು ಇನ್ನೇನಿದೆ?

ಒಂದು ದಿನದಲ್ಲಿ ಮುಗಿಯದಷ್ಟಿದೆ. ಆದಿಲಶಾಹಿಗಳು 1490ರ ಸುಮಾರಿನಿಂದ 1686ರವರೆಗೆ ಆಳಿದ ರಾಜಧಾನಿ ಇದು. ಸುಮಾರು 10 ಕಿ.ಮೀ. ಸುತ್ತಳತೆಯ ಹೊರಗೋಟೆ, ಅದರಲ್ಲಿ 96 ಬುರುಜುಗಳು, ಒಳಗೆ ಅರಕಿಲ್ಲೆ ಎನ್ನುವ ಇನ್ನೊಂದು ಕೋಟೆ. ಮಸೀದಿ, ಬಾವಡಿ (ಮೆಟ್ಟಿಲು ಬಾವಿ), ಗೋರಿ, ಮಹಲುಗಳು ಊರಿನ ಮನೆ, ಅಂಗಡಿ, ಸರ್ಕಾರಿ ಕಚೇರಿಗಳ ನಡುವೆಯೇ ನಿಂತಿವೆ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ನಾಲ್ಕು ಜಾಗ ನೋಡಿ ಮಧ್ಯಾಹ್ನದ ಹೊತ್ತಿಗೆ ಬಾದಾಮಿಗೋ ಸೊಲ್ಲಾಪುರಕ್ಕೋ ಹೊರಟುಬಿಡುತ್ತಾರೆ.

ನಮ್ಮ ಸಲಹೆ: ಗುಮ್ಮಟಗಳನ್ನು ಲೆಕ್ಕ ಹಾಕುವುದು ಬಿಟ್ಟು ನೀರಿನ ಜಾಡು ಹಿಡಿಯಿರಿ. ಮಳೆ ಕಡಿಮೆ ಬೀಳುವ ಎರೆನಾಡಿನಲ್ಲಿ, ನದಿಯೇ ಹತ್ತಿರವಿಲ್ಲದ ಕಡೆ, ಇಷ್ಟು ದೊಡ್ಡ ಊರು ಬದುಕಿದ್ದು ಹೇಗೆ ಎಂಬ ಪ್ರಶ್ನೆ ಇಟ್ಟುಕೊಂಡು ಹೊರಟರೆ ಬಾವಡಿಗಳು, ಬೀದಿ ಬದಿಯ ಗಂಜ್ ಎಂಬ ನೀರಿನ ಗೋಪುರಗಳು, ಬತ್ತಿದ ಕೊಳಗಳು, ದೂರದ ತೊರವೆ ಹಳ್ಳಿ ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ.

ಎಷ್ಟು ದಿನ ಬೇಕು? ಯಾವ ಕ್ರಮದಲ್ಲಿ ನೋಡಬೇಕು?

ಎರಡು ಪೂರ್ತಿ ದಿನ. ಊರಾಚೆಯ ಕುಮಟಗಿಯನ್ನೂ ಸೇರಿಸಿದರೆ ಎರಡೂವರೆ.

ಮೊದಲ ದಿನ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಗೋಲಗುಮ್ಮಟ ಹತ್ತಿ. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಕೇಳುವುದು ಬರೀ ಕಿರುಚಾಟ. ಅಲ್ಲಿಂದ ಜಾಮಿ ಮಸೀದಿ, ಮೆಹತರ್ ಮಹಲ್, ಆಸಾರ್ ಮಹಲ್, ಅರಕಿಲ್ಲೆ, ಬಾರಾಕಮಾನ್. ಇಷ್ಟನ್ನೂ ನಡೆದೇ ನೋಡಬಹುದು. ಎರಡನೆಯ ದಿನ ಪಶ್ಚಿಮ ಭಾಗ: ಚಾಂದ್ ಬಾವಡಿ, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ, ಜೋಡ ಗುಮ್ಮಟ, ಇಬ್ರಾಹಿಂ ರೋಜಾ, ಮಧ್ಯಾಹ್ನದ ಮೇಲೆ ತೊರವೆ. ಐನಾಪುರ ಮತ್ತು ಕುಮಟಗಿ ಎರಡೂ ಪೂರ್ವಕ್ಕಿವೆ, ಅವನ್ನು ಜೊತೆಯಾಗಿ ಇಟ್ಟುಕೊಳ್ಳಿ. ಪೂರ್ವ, ಪಶ್ಚಿಮ ಕಲಸಿದರೆ ಅರ್ಧ ದಿನ ಸ್ಟೇಷನ್ ರಸ್ತೆಯ ಓಡಾಟದಲ್ಲೇ ಹೋಗುತ್ತದೆ.

ಟಿಕೆಟ್ ಎಲ್ಲೆಲ್ಲಿ ಬೇಕು?

ಗೋಲಗುಮ್ಮಟ ಮತ್ತು ಇಬ್ರಾಹಿಂ ರೋಜಾಗೆ ಮಾತ್ರ, ಪುರಾತತ್ತ್ವ ಇಲಾಖೆಯ ಬೇರೆ ಬೇರೆ ಟಿಕೆಟ್. 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಗೇಟಿನಲ್ಲಿರುವ ಕ್ಯೂಆರ್ ಕೋಡ್‌ನಿಂದಲೂ ಟಿಕೆಟ್ ತೆಗೆಯಬಹುದು, ನಗದಿಗಿಂತ ಸ್ವಲ್ಪ ಅಗ್ಗ. ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಈ ಪುಟದಲ್ಲಿ ಹೇಳಿದ ಉಳಿದ ಜಾಗಗಳಿಗೆ ಟಿಕೆಟ್ ಇಲ್ಲ.

ಟಿಕೆಟ್ ಇಲ್ಲದ ಕಡೆ ಸಮಸ್ಯೆ ಬೇರೆ: ಬೀಗ. ಗೇಟಿಗೆ ಬೀಗ ಕಂಡರೆ ತಿರುಗಿ ಹೋಗಬೇಡಿ. ಕಾವಲುಗಾರ ಸಾಮಾನ್ಯವಾಗಿ ಹತ್ತಿರದ ಚಹಾದಂಗಡಿಯಲ್ಲೋ ಪಕ್ಕದ ಮರದ ನೆರಳಲ್ಲೋ ಇರುತ್ತಾನೆ. ಎದುರಿನ ಅಂಗಡಿಯವರನ್ನು ಕೇಳಿದರೆ ಅವರೇ ಕೂಗಿ ಕರೆಯುತ್ತಾರೆ. ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಊಟದ ಹೊತ್ತು, ಆಗ ಹೋಗದಿರುವುದು ಒಳ್ಳೆಯದು. ಇಲಾಖೆಯ ಗೇಟು ಸೂರ್ಯಾಸ್ತದ ಹೊತ್ತಿಗೆ ಮುಚ್ಚುತ್ತದೆ.

ತಾಜ್ ಬಾವಡಿ ಎಲ್ಲಿದೆ? ಒಳಗೆ ಇಳಿಯಬಹುದೇ?

ಊರಿನ ಪಶ್ಚಿಮದ ಮಕ್ಕಾ ದರವಾಜಾದ ಒಳಗಡೆ, ಇಬ್ರಾಹಿಂ ರೋಜಾಗೆ ಹೋಗುವ ದಾರಿಯಲ್ಲೇ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಪತ್ನಿ ತಾಜ್ ಸುಲ್ತಾನಾಳ ಗೌರವಕ್ಕಾಗಿ ವಾಸ್ತುಶಿಲ್ಪಿ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ್ದು. ಇಬ್ರಾಹಿಂ ರೋಜಾದ ಜೊತೆ ಕೇಳಿಬರುವ ಹೆಸರೂ ಇದೇ ಮಲಿಕ್ ಸಂದಲ್‌ನದು. ಹಾಗಾಗಿ ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ರಸ್ತೆಯಿಂದ ಕಾಣುವುದು ಒಂದು ಭಾರೀ ಕಮಾನು ಮತ್ತು ಅದರ ಎರಡು ಬದಿಗೆ ಎಂಟು ಮೂಲೆಯ ಎರಡು ಗೋಪುರ. ಬಾವಿ ಎಂದು ಹೇಳದಿದ್ದರೆ ಅರಮನೆಯ ಬಾಗಿಲೆಂದೇ ತಿಳಿಯಬೇಕು. ಕಮಾನಿನಡಿಯಿಂದ ಮೆಟ್ಟಿಲು ಇಳಿದರೆ ಪ್ರತಿ ಬದಿಗೆ 200 ಅಡಿಗೂ ಮಿಕ್ಕ ಚೌಕದ ಕೊಳ. ಸುತ್ತಲಿನ ಸಾಲು ಕಮಾನುಗಳ ಹಿಂದಿನ ಕೋಣೆಗಳನ್ನು ನೋಡದೆ ಬರಬೇಡಿ. ದೂರದಿಂದ ಬಂದ ಪ್ರಯಾಣಿಕರು ತಂಗುತ್ತಿದ್ದದ್ದು ಅಲ್ಲೇ. ನೀರು ಸೇದುವ ಬಾವಿಯೇ ಛತ್ರವೂ ಆಗಿತ್ತು. ನೀರಿನ ತನಕ ಇಳಿಯಲು ಎಲ್ಲ ದಿನವೂ ಬಿಡುವುದಿಲ್ಲ. ಬಿಟ್ಟರೂ ಕೊನೆಯ ಮೆಟ್ಟಿಲುಗಳಿಗೆ ಪಾಚಿ ಕಟ್ಟಿರುತ್ತದೆ, ಆಳ ಹೆಚ್ಚು, ತಡೆಬೇಲಿ ಇಲ್ಲ. ಕಮಾನಿನಡಿ ನಿಂತರೆ ಸಾಕಷ್ಟು ಕಾಣುತ್ತದೆ.

ಚಾಂದ್ ಬಾವಡಿ ಇದಕ್ಕಿಂತ ಹಳೆಯದು, ಚಿಕ್ಕದು. ಊರಿನ ವಾಯವ್ಯದ ಶಹಾಪುರ ದರವಾಜಾದ ಬಳಿ ಇದೆ. ಮೊದಲನೆಯ ಅಲಿ ಆದಿಲ್‌ಶಾಹನ ಕಾಲದ್ದು. ಹೆಸರು ಅವನ ರಾಣಿ ಚಾಂದ್ ಬೀಬಿಯದು. ಕಾಲು ಗಂಟೆ ಸಾಕು.

ಬೀದಿ ಬದಿಯಲ್ಲಿ ಬಾಗಿಲಿಲ್ಲದ ಕಲ್ಲಿನ ಗೋಪುರಗಳು ಕಾಣುತ್ತವೆ. ಅವೇನು?

ಅವೇ ಗಂಜ್‌ಗಳು, ಅಂದರೆ ನೀರಿನ ಗೋಪುರಗಳು. ಗೈಡುಗಳು ತೋರಿಸುವುದೇ ಅಪರೂಪ. ನಮ್ಮ ಪ್ರಕಾರ ಊರಿನ ಅತ್ಯಂತ ಕುತೂಹಲದ ಕಟ್ಟಡಗಳು ಇವು.

ನೀರು ಊರಿಗೆ ಬರುತ್ತಿದ್ದದ್ದು ಮುಖ್ಯವಾಗಿ ಎರಡು ಕಡೆಯಿಂದ. ಪಶ್ಚಿಮದ ತೊರವೆ ಕಡೆಯಿಂದ ನೆಲದೊಳಗೆ ಕೊರೆದ ಸುರಂಗದಲ್ಲಿ. ಅದನ್ನು ಸುರಂಗ ಬಾವಡಿ ಎನ್ನುತ್ತಾರೆ. ದಕ್ಷಿಣದ ಬೇಗಂ ತಲಾಬಿನಿಂದ, ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ಬೇಗಂ ತಲಾಬ್ 1651ರ ಸುಮಾರಿಗೆ, ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆದದ್ದು. ಎತ್ತರದ ಕೆರೆಯಿಂದ ಇಳಿಜಾರಿನಲ್ಲಿ ಬರುವ ನೀರಿಗೆ ಒತ್ತಡ ಜಾಸ್ತಿ. ಮಣ್ಣಿನ ಕೊಳವೆ ಆ ಒತ್ತಡ ತಾಳದೆ ಒಡೆಯುತ್ತದೆ. ಅದಕ್ಕೇ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ ಕಟ್ಟಿ ನೀರನ್ನು ಅದರೊಳಗೆ ಏರಲು ಬಿಡುತ್ತಿದ್ದರು. ಒತ್ತಡ ಅಲ್ಲೇ ಇಳಿಯುತ್ತದೆ, ಮಣ್ಣು ಮರಳು ತಳಕ್ಕೆ ಕೂರುತ್ತದೆ, ತಿಳಿ ನೀರು ಮುಂದಿನ ಕೊಳವೆಗೆ ಹೋಗುತ್ತದೆ.

ಗಂಜ್ ಸಿಕ್ಕರೆ ಹತ್ತಿರ ಹೋಗಿ ಗೋಡೆ ನೋಡಿ. ಗಾರೆ ಉದುರಿದ ಕಡೆ ಕೊಳವೆಯ ದುಂಡು ಬಾಯಿ ಕಾಣಿಸುತ್ತದೆ. ಕೆಲವು ಗಂಜ್‌ಗಳು ಮನೆಗಳ ಹಿತ್ತಲಿಗೆ ತಾಗಿಕೊಂಡಿವೆ, ಕೇಳಿಯೇ ಒಳಗೆ ಹೋಗಿ.

ಸುರಂಗ ಬಾವಡಿಯೊಳಗೆ ಇಳಿಯಬಹುದೇ?

ಬೇಡ. ಸುರಂಗದ ಉದ್ದಕ್ಕೂ ಹೂಳು ತೆಗೆಯಲು, ಗಾಳಿಯಾಡಲು ಬಿಟ್ಟ ಬಾವಿಬಾಯಿಗಳಿವೆ. ಕೆಲವು ಕುಸಿದಿವೆ, ಕೆಲವು ಗಿಡಗಂಟಿಯಲ್ಲಿ ಮುಚ್ಚಿಹೋಗಿವೆ. ಹುಲ್ಲು ಬೆಳೆದ ಮಳೆಗಾಲದಲ್ಲಿ ಕಾಲಿಟ್ಟ ಮೇಲೆಯೇ ಅಲ್ಲಿ ಬಾಯಿ ಇದೆ ಎಂದು ಗೊತ್ತಾಗುವುದು. ಒಳಗೆ ಹಾವು, ಬಾವಲಿ, ಕೆಟ್ಟ ಗಾಳಿ. ಮೇಲಿನಿಂದ, ಸ್ಥಳೀಯರೊಬ್ಬರ ಜೊತೆ ನೋಡಿ ಬನ್ನಿ.

ಅರಕಿಲ್ಲೆಯಲ್ಲಿ ಗಗನ ಮಹಲ್ ಬಿಟ್ಟು ಏನು ನೋಡಬೇಕು?

ಗಗನ ಮಹಲ್ (1561) ನೋಡುವುದಂತೂ ಸರಿ, ನಡುವಿನ ಕಮಾನೇ ಸುಮಾರು 60 ಅಡಿ ಅಗಲ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದದ್ದು ಇಲ್ಲಿಯೇ. ಅದರಾಚೆ ಮೂರು ಜಾಗ ಹೇಳುತ್ತೇವೆ.

ಒಂದು, ಜಲ ಮಂಜಿಲ್. ಸಾತ್ ಮಂಜಿಲ್ ಎಂಬ ಅಂತಸ್ತಿನ ಮಹಲಿನ ಎದುರು ಇರುವ ಪುಟ್ಟ ಕಲ್ಲಿನ ಮಂಟಪ. ಒಂದು ಕಾಲಕ್ಕೆ ಕೊಳದ ನಡುವೆ ನಿಂತಿತ್ತು, ಈಗ ಸುತ್ತ ರಸ್ತೆ. ವಾಹನದಲ್ಲಿ ಹೋದರೆ ಕಣ್ಣಿಗೇ ಬೀಳುವುದಿಲ್ಲ. ಸೂರಿನ ಕೆಳಗಿನ ಕೆತ್ತನೆ ನೋಡಲು ಇಳಿದು ಐದು ನಿಮಿಷ ನಿಲ್ಲಿ. ಸಾತ್ ಮಂಜಿಲ್‌ಗೆ ಹೆಸರಿನಲ್ಲಿ ಏಳು ಅಂತಸ್ತು, ಉಳಿದಿರುವುದು ಐದು. ಮೇಲಿನ ಅಂತಸ್ತುಗಳಿಗೂ ನೀರು ಹತ್ತಿಸುತ್ತಿದ್ದ ಕೊಳವೆಗಳ ಗುರುತು ಗೋಡೆಯಲ್ಲಿದೆ.

ಎರಡು, ಮಕ್ಕಾ ಮಸೀದಿ. ಎತ್ತರದ ಗೋಡೆಗಳ ನಡುವೆ ಅಡಗಿ ಕೂತ ಸಣ್ಣ, ನಾಜೂಕಾದ ಮಸೀದಿ. ಅರಮನೆಯ ಹೆಂಗಸರಿಗಾಗಿ ಕಟ್ಟಿದ್ದಿರಬೇಕು ಎಂಬ ಊಹೆ ಇದೆ.

ಮೂರನೆಯದು ಕರೀಮುದ್ದೀನ್ ಮಸೀದಿ. ಇದಕ್ಕೆ ಕನಿಷ್ಠ ಅರ್ಧ ಗಂಟೆ ಇಡಿ. ಆದಿಲಶಾಹಿಗಳಿಗಿಂತಲೂ ಹಿಂದಿನದು, 1320ರ ಶಾಸನವಿದೆ. ಹಳೆಯ ದೇವಾಲಯಗಳ ಕಂಬಗಳನ್ನು ಬಳಸಿ ಕಟ್ಟಿದ್ದು, ಪ್ರವೇಶವೇ ಒಂದು ದೇವಾಲಯದ ಮಂಟಪದಂತಿದೆ. ಒಂದು ಕಂಬ ಚೌಕ, ಪಕ್ಕದ್ದು ದುಂಡು, ಇನ್ನೊಂದು ಅವೆರಡಕ್ಕಿಂತ ಕುಳ್ಳು. ಎತ್ತರ ಸರಿದೂಗಿಸಲು ಕಂಬದ ಮೇಲೆ ಕಂಬದ ತುಂಡು ಇಟ್ಟಿದ್ದಾರೆ. ನಡುವಿನ ಮಾಡನ್ನು ಸ್ವಲ್ಪ ಎತ್ತರಿಸಿ ಬೆಳಕು ಬಿಟ್ಟಿದ್ದಾರೆ. ಕೆಲಸ ಮಾಡಿದ ಬಡಗಿ ಸಾಲೋಟಗಿಯ ರೇವಯ್ಯ ಎಂದು ಶಾಸನ ಹೇಳುತ್ತದೆ. ರಾಷ್ಟ್ರಕೂಟರ ಕಾಲದ ವಿದ್ಯಾಕೇಂದ್ರದಿಂದ ಹೆಸರಾದ ಇಂಡಿ ತಾಲೂಕಿನ ಸಾಲೋಟಗಿಯೇ ಇದು. ಗೋಲಗುಮ್ಮಟ ನೋಡಿದವರೆಲ್ಲ ಸುಲ್ತಾನನ ಹೆಸರು ಹೇಳುತ್ತಾರೆ. ಇಲ್ಲಿ ಉಳಿದಿರುವುದು ಕೈಯಲ್ಲಿ ಉಳಿ ಹಿಡಿದವನ ಹೆಸರು.

ಊರೊಳಗಿನ ಚಿಕ್ಕ ಮಸೀದಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಸಮಯ ಒಂದಕ್ಕೇ ಇದ್ದರೆ ಮೆಹತರ್ ಮಹಲ್. ಮಹಲ್ ಎಂಬುದು ಹೆಸರಿಗಷ್ಟೇ. ಅದು ಹಿಂದಿರುವ ಮಸೀದಿಯ ಹೆಬ್ಬಾಗಿಲು, ಸುಮಾರು 1620ರದ್ದು. ಅರಕಿಲ್ಲೆಯಿಂದ ಜಾಮಿ ಮಸೀದಿಗೆ ಹೋಗುವ ರಸ್ತೆಯಲ್ಲಿದೆ. ರಸ್ತೆಯ ಎದುರು ಬದಿಯಲ್ಲಿ ನಿಂತು ಹೊರಚಾಚಿದ ಬಾಲ್ಕನಿಯ ಕೆಳಗೆ ನೋಡಿ: ಅದನ್ನು ಹೊತ್ತಂತೆ ಕಾಣುವ ಓರೆ ಆಸರೆಗಳು ಮರದವಲ್ಲ, ಕಲ್ಲು. ಹಕ್ಕಿ, ಪ್ರಾಣಿ, ಬಳ್ಳಿಗಳನ್ನು ಇಷ್ಟು ತೆಳುವಾಗಿ ಕಲ್ಲಿನಲ್ಲಿ ಬಿಡಿಸಿದ್ದು ಈ ಊರಿನಲ್ಲಿ ಬೇರೆಲ್ಲೂ ಇಲ್ಲ. ಬೈನಾಕ್ಯುಲರ್ ಇದ್ದರೆ ತನ್ನಿ.

ಅಂಡು ಮಸೀದಿ (1608) ಎರಡಂತಸ್ತಿನದು: ಮೇಲೆ ಮಸೀದಿ, ಕೆಳಗೆ ತಂಗುವ ಹಜಾರ. ಎರಡನೆಯ ಇಬ್ರಾಹಿಂನ ಸರದಾರ ಇತಿಬಾರ್ ಖಾನ್ ಕಟ್ಟಿಸಿದ್ದು. ನುಣುಪಾಗಿ ಒರೆದು ಸಂದು ಕಾಣದಂತೆ ಕೂಡಿಸಿದ ಕಲ್ಲುಗಳನ್ನು ಮುಟ್ಟಿ ನೋಡಬೇಕು. ಅರಕಿಲ್ಲೆಯ ಪಶ್ಚಿಮದಲ್ಲಿರುವ ಮಲಿಕಾ ಜಹಾನ್ ಮಸೀದಿಗೆ ಜಂಜೀರಿ ಮಸೀದಿ ಎಂಬ ಹೆಸರೂ ಇದೆ. ಸೂರಿನಿಂದ ಇಳಿಬಿಟ್ಟ ಕಲ್ಲಿನ ಸರಪಳಿಗಳೇ ಕಾರಣ.

ನಮಾಜಿನ ಹೊತ್ತಿನಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಬಳಕೆಯಲ್ಲಿರುವ ಮಸೀದಿಗಳಿಗೆ ಹೋಗಬೇಡಿ. ತಲೆಗೆ ಹೊದೆಯಲು ಒಂದು ದುಪಟ್ಟಾ ಅಥವಾ ಕರವಸ್ತ್ರ ಇರಲಿ.

ಆಸಾರ್ ಮಹಲ್‌ಗೆ ಎಲ್ಲರಿಗೂ ಪ್ರವೇಶವಿದೆಯೇ?

ಹೊರಗಿನ ಹಜಾರ, ಕೊಳ ಎಲ್ಲರೂ ನೋಡಬಹುದು. ಒಳಗೆ ಪ್ರವಾದಿಯವರ ಕೇಶವನ್ನು ಇಟ್ಟಿದ್ದಾರೆಂಬ ನಂಬಿಕೆ ಇರುವುದರಿಂದ ಒಳಭಾಗಕ್ಕೆ ಮಹಿಳೆಯರನ್ನು ಬಿಡದ ರೂಢಿ ಇದೆ. ಕುಟುಂಬದೊಂದಿಗೆ ಬರುವವರು ಇದನ್ನು ಮೊದಲೇ ತಿಳಿದಿರಲಿ. 1646ರ ಸುಮಾರಿಗೆ ನ್ಯಾಯ ಮಂದಿರವಾಗಿ ಕಟ್ಟಿದ್ದು. ಮುಂಭಾಗ ಪೂರ್ವಕ್ಕೆ ತೆರೆದಿದೆ, ತೇಗದ ದೈತ್ಯ ಕಂಬಗಳ ಫೋಟೊ ಬೇಕಿದ್ದರೆ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನದ ಮೇಲೆ ಹಜಾರ ಕತ್ತಲು.

ಮಲಿಕ್-ಎ-ಮೈದಾನ್ ನೋಡಿದ ಮೇಲೆ ಬೇರೆ ತೋಪುಗಳನ್ನೂ ನೋಡಬೇಕೆ?

ಉಪ್ಪಲಿ ಬುರುಜನ್ನು ನೋಡಲೇಬೇಕು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಸುಮಾರು 80 ಅಡಿಯ ದುಂಡು ಬುರುಜು ಇದು. ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಏರುತ್ತವೆ. ಮೇಲಿನ ಎರಡು ತೋಪುಗಳಲ್ಲಿ ದೊಡ್ಡದು 30 ಅಡಿಗೂ ಉದ್ದ. ಇಡೀ ಊರಿನ ನಕ್ಷೆ ತಲೆಯಲ್ಲಿ ಕೂರಬೇಕಾದರೆ ಗೋಲಗುಮ್ಮಟಕ್ಕಿಂತ ಇದರ ನೆತ್ತಿಯೇ ಮೇಲು. ಮೆಟ್ಟಿಲುಗಳು ಸವೆದಿವೆ, ಮಳೆ ಬಂದ ದಿನ ಹತ್ತಬೇಡಿ, ಚಿಕ್ಕ ಮಕ್ಕಳನ್ನು ಗೋಡೆಯ ಬದಿಗೆ ನಡೆಸಿ.

ತೋಪುಗಳ ಹುಚ್ಚಿದ್ದವರಿಗೆ ದಕ್ಷಿಣ ಕೋಟೆಗೋಡೆಯ ಲಂಡಾ ಕಸಾಬ್ ಇದೆ: 21 ಅಡಿಗೂ ಮಿಕ್ಕ ಉದ್ದ. ಬುರುಜಿನ ಸುತ್ತ ಜಾಲಿಮುಳ್ಳು, ಗಟ್ಟಿ ಚಪ್ಪಲಿ ಬೇಕು.

ತೊರವೆಯಲ್ಲಿ ಏನಿದೆ?

ಅಥಣಿ ರಸ್ತೆಯಲ್ಲಿ ನಗರದಿಂದ ಆರೇಳು ಕಿ.ಮೀ. ಎರಡನೆಯ ಇಬ್ರಾಹಿಂ 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ರಾಜಧಾನಿಯನ್ನೇ ಕಟ್ಟಲು ಹೊರಟಿದ್ದ. ಸಂಗೀತಪ್ರೇಮಿ ದೊರೆ, ಸರಸ್ವತಿ, ಗಣಪತಿಯರನ್ನು ಸ್ತುತಿಸಿ ಗೀತೆ ಬರೆದವನು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಉಳಿದದ್ದರಲ್ಲಿ ಮುಖ್ಯವಾದದ್ದು ಸಂಗೀತ ಮಹಲ್. ಗಗನ ಮಹಲ್ ನೋಡಿ ಬಂದವರಿಗೆ ಅದೇ ದೊಡ್ಡ ಕಮಾನಿನ ವಿನ್ಯಾಸ ಇಲ್ಲಿ ಮತ್ತೆ ಗುರುತು ಸಿಗುತ್ತದೆ. ಸಂಜೆ ನಾಲ್ಕರ ನಂತರ ಬಿಸಿಲು ಹಿತವಾಗಿರುತ್ತದೆ.

ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ತೊರವೆಯೂ ಇದೇ. ಅವನ ಆರಾಧ್ಯದೈವ ನರಸಿಂಹನ ಗುಡಿಗೆ ಇಂದಿಗೂ ಭಕ್ತರು ಬರುತ್ತಾರೆ. ಭಾಮಿನಿ ಷಟ್ಪದಿಯ ಆ ಕಾವ್ಯ, ನವರಸಪುರದ ಸಂಗೀತ, ಸುರಂಗ ಬಾವಡಿಯ ನೀರು ಮೂರೂ ಈ ಒಂದೇ ಹಳ್ಳಿಯ ಆಸುಪಾಸಿನವು. ಆದರೂ ಪ್ರವಾಸಿ ಬಸ್ಸುಗಳು ಇತ್ತ ತಿರುಗುವುದೇ ಇಲ್ಲ.

ಸಾಠ್ ಕಬರ್ (ಅರವತ್ತು ಗೋರಿ) ಕಥೆ ನಿಜವೇ?

ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಆದಿಲಶಾಹಿ ಸೇನಾಪತಿ ಅಫಜಲ್ ಖಾನ್, ತಾನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿಗಳು ಹೇಳಿದ್ದಕ್ಕೆ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದ ಎಂಬುದು ಕಥೆ. 1659ರಲ್ಲಿ ಅವನು ಪ್ರತಾಪಗಡದಲ್ಲಿ ಸತ್ತದ್ದು ಇತಿಹಾಸ. ಉಳಿದದ್ದು ಜನರ ಬಾಯಲ್ಲಿ ಬಂದದ್ದು. ಕಣ್ಣಿಗೆ ಕಾಣುವುದಿಷ್ಟು: ಒಂದೇ ಅಳತೆಯ, ಒಂದೇ ಬಗೆಯ ಅರವತ್ತಕ್ಕೂ ಹೆಚ್ಚು ಗೋರಿಗಳು ಸಾಲಾಗಿ ಒಂದೇ ಜಗಲಿಯ ಮೇಲೆ. ನೆತ್ತಿ ಚಪ್ಪಟೆಯಾಗಿದೆ, ದಖ್ಖನಿನಲ್ಲಿ ಅದು ಹೆಂಗಸರ ಗೋರಿಯ ಗುರುತು. ಗಂಡಸರ ಗೋರಿಯ ಮೇಲೆ ಉದ್ದಕ್ಕೆ ದಿಂಡಿನಂಥ ಉಬ್ಬು ಇರುತ್ತದೆ.

ಪಶ್ಚಿಮ ಹೊರವಲಯದಲ್ಲಿ, ಹೊಲಗಳ ನಡುವೆ ಇದೆ. ಕೊನೆಯ ಹಾದಿ ಎರೆಮಣ್ಣು, ಒಂದು ಮಳೆ ಬಿದ್ದರೂ ಬೈಕಿನ ಚಕ್ರ ತಿರುಗುವುದಿಲ್ಲ. ವಾಹನ ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಿರಿ. ಕತ್ತಲಾದ ಮೇಲೆ ಬೇಡ.

ಐನಾಪುರ, ಕುಮಟಗಿಗೆ ಹೋಗುವುದು ಸಾರ್ಥಕವೇ?

ಕಟ್ಟಡ ಹೇಗೆ ಕಟ್ಟುತ್ತಾರೆ ಎಂಬ ಕುತೂಹಲವಿದ್ದರೆ ಐನಾಪುರ ಬಿಡಬೇಡಿ. ನಗರದ ಪೂರ್ವಕ್ಕೆ ಮೂರ್ನಾಲ್ಕು ಕಿ.ಮೀ. ಅಲ್ಲಿ ಅರ್ಧಕ್ಕೆ ನಿಂತ ಜಹಾನ್ ಬೇಗಂಳ ಸಮಾಧಿ ಇದೆ. ನೆಲದ ಅಳತೆ ಹೆಚ್ಚುಕಡಿಮೆ ಗೋಲಗುಮ್ಮಟದಷ್ಟೇ, ಮೂಲೆಗಳಲ್ಲಿ ಅದೇ ಬಗೆಯ ಗೋಪುರಗಳಿಗೆ ಬುನಾದಿ. ಗಾರೆ ಬಳಿಯುವ ಮೊದಲೇ ಕೆಲಸ ನಿಂತದ್ದರಿಂದ ಗೋಲಗುಮ್ಮಟದಲ್ಲಿ ಕಾಣದ ಒಳಮೈ ಇಲ್ಲಿ ಬಯಲಾಗಿದೆ. ಪಕ್ಕದ ಐನ್-ಉಲ್-ಮುಲ್ಕ್‌ನ ಸಮಾಧಿ 1556ರ ಸುಮಾರಿನದು. ಜೊತೆಗಿರುವ ಮಸೀದಿಯ ಗಾರೆ ಕೆಲಸ ನೋಡಿ.

ಕುಮಟಗಿ ಸಿಂದಗಿ ದಿಕ್ಕಿನಲ್ಲಿ ಸುಮಾರು 20 ಕಿ.ಮೀ. ಸುಲ್ತಾನರ ಬೇಸಿಗೆಯ ವಿಹಾರತಾಣ. ಕೊಳದ ನಡುವಿನ ಮಂಟಪಕ್ಕೆ ಗೋಪುರದ ಮೇಲಿಂದ ನೀರು ಬಿಟ್ಟು, ಒಳಮಾಡಿನ ತೂತುಗಳಿಂದ ಮಳೆಯಂತೆ ಸುರಿಸುತ್ತಿದ್ದರು. ಗೋಡೆಗಳಲ್ಲಿ ಪೋಲೊ ಆಟ, ಕುಸ್ತಿ, ಯುರೋಪಿನ ಉಡುಪಿನ ಮಂದಿಯ ಚಿತ್ರಗಳಿದ್ದವು. ಈಗ ಬಹಳ ಮಾಸಿವೆ. ಬಣ್ಣಬಣ್ಣದ ಚಿತ್ರ ನಿರೀಕ್ಷಿಸಿ ಹೋದರೆ ನಿರಾಸೆ, ನೀರಿನ ಏರ್ಪಾಟು ನೋಡಲು ಹೋದರೆ ಇಲ್ಲ. ಮೊಬೈಲ್ ಟಾರ್ಚನ್ನು ಗೋಡೆಗೆ ನೇರ ಬಿಡದೆ ಬದಿಯಿಂದ ಓರೆಯಾಗಿ ಹಿಡಿದರೆ ಗೆರೆಗಳು ಗುರುತಾಗುತ್ತವೆ. ಫ್ಲ್ಯಾಶ್ ಬೇಡ.

ಓಡಾಟಕ್ಕೆ ಆಟೊ, ಟಾಂಗಾ ಯಾವುದು ಸರಿ?

ಕೋಟೆಯೊಳಗೆ ಟಾಂಗಾ ಸಿಕ್ಕರೆ ಒಮ್ಮೆ ಹತ್ತಿ, ಈಗ ಕಡಿಮೆಯಾಗಿವೆ. ದೂರಕ್ಕೆ ಆಟೊ. ತಪ್ಪಾಗುವುದು ಬಾಡಿಗೆ ಮಾತಾಡುವಾಗ: "ಎಲ್ಲಾ ಪಾಯಿಂಟ್ ತೋರಿಸ್ತೀನಿ" ಎಂದರೆ ಅದು ಐದಾರು ಹೆಸರಾಂತ ಜಾಗ ಮಾತ್ರ. ಬೇಕಾದ ಜಾಗಗಳ ಹೆಸರು ಕಾಗದದಲ್ಲಿ ಬರೆದು ತೋರಿಸಿ, ಕಾಯುವ ಹೊತ್ತನ್ನೂ ಸೇರಿಸಿ ಒಂದು ಮೊತ್ತಕ್ಕೆ ಒಪ್ಪಿಸಿ, ಆಮೇಲೆ ಹತ್ತಿ. ಐನಾಪುರ, ಸಾಠ್ ಕಬರ್ ಕಡೆಗೆ ಹೋದರೆ ಆಟೊ ಬಿಡಬೇಡಿ, ಮರಳಲು ಬೇರೆ ಸಿಗುವುದಿಲ್ಲ.

ಯಾವ ತಿಂಗಳು ಬರಬೇಕು? ಏನು ತರಬೇಕು?

ಅಕ್ಟೋಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಪ್ಪುಕಲ್ಲಿನ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಡೆಯುವಾಗ ಅಂಗಾಲು ಸುಡುತ್ತದೆ. ಯಾವ ತಿಂಗಳಾದರೂ ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ತಲಾ ಎರಡು ಲೀಟರ್ ನೀರು, ಟೋಪಿ, ಟಾರ್ಚು. ಜನವರಿಯ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಆಗ ಲಾಡ್ಜ್ ಕೋಣೆ ಮುಂಚಿತವಾಗಿ ಹಿಡಿಯದಿದ್ದರೆ ಸಿಗುವುದು ಕಷ್ಟ. ಮಧ್ಯಾಹ್ನದ ಊಟಕ್ಕೆ ಬಸ್ ನಿಲ್ದಾಣದ ಸುತ್ತಲಿನ ಖಾನಾವಳಿಗಳು ಸಾಕು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಧ್ಯಾಹ್ನ ಒಂದಕ್ಕೆ ಮುಂಚೆಯೇ ಹೋಗಿ, ತಡವಾದರೆ ರೊಟ್ಟಿ ತಣ್ಣಗಿರುತ್ತದೆ.